ಪಿಂಗಾಣಿಯವರ ಎಡೆ

ನಮ್ಮ ನಡುಮನೆಯ ಗಾಜಿನ ಬೀರುವಿನಲ್ಲಿ ಒಬ್ಬ ಮುದುಕ, ಒಬ್ಬ ಮುದುಕಿ, ಬುಟ್ಟಿ ಹಿಡಿದ ಒಬ್ಬ ಹೆಂಗಸು ಮತ್ತು ಒಂದು ನಾಯಿ ವಾಸವಾಗಿದ್ದರು. ವಾಸ ಎನ್ನುವ ಮಾತನ್ನು ಬೇಕೆಂದೇ ಬರೆದಿದ್ದೇನೆ. ಗೇಣುದ್ದದ ಪಿಂಗಾಣಿ ಗೊಂಬೆಗಳು, ಒಳಗೆ ಟೊಳ್ಳು, ಬೆರಳಲ್ಲಿ ತಟ್ಟಿದರೆ ಬಟ್ಟಲಿನ ಸದ್ದು. ಅದು ನನಗೂ ಗೊತ್ತು. ಆದರೆ ಹೊಳಲ್ಕೆರೆಯ ಆ ಮನೆಯಲ್ಲಿ ಅವುಗಳನ್ನು ಯಾರೂ ಗೊಂಬೆ ಅನ್ನುತ್ತಿರಲಿಲ್ಲ. ಎದುರು ಮನೆಯವರು, ಗಿರಣಿಯವರು ಅನ್ನುವ ಹಾಗೆ ಪಿಂಗಾಣಿಯವರು ಅನ್ನುತ್ತಿದ್ದೆವು. ಅವರ ಎದುರು ಸೀರೆ ಬದಲಾಯಿಸಲು ಅಮ್ಮ ನಾಚುತ್ತಿದ್ದಳು. ನಾನಂತೂ ಮನೆಯಲ್ಲಿ ಒಬ್ಬಳೇ ಇದ್ದರೆ ನಡುಮನೆಯನ್ನು ಓಡುನಡಿಗೆಯಲ್ಲಿ ದಾಟುತ್ತಿದ್ದೆ. ಹೆದರಿಕೆ ಎಂದು ಒಪ್ಪಿಕೊಳ್ಳುವ ವಯಸ್ಸಲ್ಲ ಅದು. ಬಿ.ಎ. ಮುಗಿಸಿ ಟೈಪಿಂಗ್ ಕಲಿಯುತ್ತಿದ್ದೆ. ಮನೆಯಲ್ಲಿ ಇಂಗ್ಲಿಷ್ ಬಲ್ಲವಳು ನಾನೊಬ್ಬಳೇ ಎಂಬ ಜಂಬ ಬೇರೆ.

ಅವರನ್ನು ಕಳಿಸಿದವನು ಚಿಕ್ಕಪ್ಪ, ಅಪ್ಪನ ತಮ್ಮ. ಅಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಅಡಿಕೆ ವ್ಯಾಪಾರ ಮಾಡಿಕೊಂಡು ಕುಂತವರು; ದಾವಣಗೆರೆಗೆ ಹೋಗಿ ಬಂದರೂ ಮೈಕೈ ನೋವು ಅನ್ನುತ್ತಿದ್ದರು. ತಮ್ಮ ಅದಕ್ಕೆ ತದ್ವಿರುದ್ಧ. ಫಿಟ್ಟರ್ ಕೆಲಸ ಕಲಿತು ಬೊಂಬಾಯಿಗೆ ಹೋದ, ಅಲ್ಲಿಂದ ಸರಕು ಹಡಗಿನ ಇಂಜಿನ್ ಕೋಣೆ ಸೇರಿದ. ನಮ್ಮ ಮನೆತನದಲ್ಲಿ ಸಮುದ್ರ ಕಂಡವರೇ ಇರಲಿಲ್ಲ. ನಾವು ಕಂಡ ದೊಡ್ಡ ನೀರೆಂದರೆ ಹಿರಿಯೂರಿನ ಮಾರಿಕಣಿವೆ. ಮಾರಿಕಣಿವೆಗೆ ಆಚೆ ದಡವೇ ಇಲ್ಲದಿದ್ದರೆ ಹೇಗೋ ಹಾಗೆ ಸಮುದ್ರ ಎಂದು ಅಜ್ಜಿ ತಿಳಿದುಕೊಂಡಿದ್ದಳು.

ವರ್ಷಕ್ಕೊಮ್ಮೆ ರಜೆಯಲ್ಲಿ ಚಿಕ್ಕಪ್ಪ ಬರುತ್ತಿದ್ದ. ಊಟಕ್ಕೆ ಕುಂತರೆ ರುಚಿ ನೋಡುವ ಮೊದಲೇ ಉಪ್ಪಿಗೆ ಕೈ ಚಾಚುವುದು ಅವನ ಚಾಳಿ. ಹಡಗಿನ ಅಡಿಗೆ ತಿಂದು ನಾಲಗೆ ಕೆಟ್ಟಿದೆ ಎಂದು ಅಮ್ಮ ಬೈಯುತ್ತಿದ್ದಳು. ಅವನನ್ನು ಮದುವೆಯಾಗಿ ಹೊಸದುರ್ಗದಿಂದ ಬಂದ ಚಿಕ್ಕಮ್ಮ ಮಾತ್ರ ಏನೂ ಅನ್ನದೆ ಅವನ ಎಲೆಯ ಮೂಲೆಗೆ ಒಂದು ಚಿಟಿಕೆ ಹೆಚ್ಚು ಉಪ್ಪು ಬಡಿಸುತ್ತಿದ್ದಳು. ಎಲ್ಲರ ಮುಂದೆ ಗಂಡನ ಜೊತೆ ಅವಳು ಆಡುತ್ತಿದ್ದ ಮಾತು ಅಷ್ಟೇ ಎಂದರೂ ತಪ್ಪಿಲ್ಲ.

ಯಾವುದೋ ಚಳಿ ದೇಶದ ಬಂದರಿನಲ್ಲಿ ಒಂದು ಪಿಂಗಾಣಿ ಕಾರ್ಖಾನೆ ಇತ್ತಂತೆ. ಅವರು ಮೀನು ಹಿಡಿಯುವವರ ಒಂದು ಸಂಸಾರವನ್ನು ಬಿಡಿಬಿಡಿಯಾಗಿ ಮಾಡಿ ಮಾರುತ್ತಿದ್ದರಂತೆ, ಅಲ್ಲಿನ ಜನ ಒಂದೊಂದೇ ಕೊಂಡು ಸಂಸಾರ ಪೂರ್ತಿ ಮಾಡುತ್ತಿದ್ದರಂತೆ. ಚಿಕ್ಕಪ್ಪನಿಗೂ ಆ ಹುಚ್ಚು ಹಿಡಿಯಿತು. ಹಡಗು ಆ ಬಂದರಿಗೆ ಹೋದಾಗಲೆಲ್ಲ ಒಂದನ್ನು ಕೊಂಡು ಚಿಕ್ಕಮ್ಮನ ಹೆಸರಿಗೆ ಪಾರ್ಸಲ್ ಮಾಡುತ್ತಿದ್ದ. ಮೊದಲು ನಾಯಿ ಬಂತು, ಆಮೇಲೆ ಬಲೆ ಹೆಣೆಯುವ ಮುದುಕ, ಆಮೇಲೆ ಹೆಂಗಸರು. ಎಲ್ಲರಿಗೂ ತಿಳಿನೀಲಿ ಕಣ್ಣು. ಎಲ್ಲರೂ ಕತ್ತು ತುಸು ಎತ್ತಿ ಒಂದೇ ಕಡೆ, ಬಹಳ ದೂರಕ್ಕೆ ನೋಡುತ್ತಿದ್ದರು, ನಾಯಿ ಕೂಡ. ಅವರು ಕಾಯುತ್ತಿರುವುದು ಕಡಲಿಗೆ ಹೋದ ಮನೆಯ ಗಂಡಸನ್ನು, ಅವನೊಬ್ಬ ಬಾಕಿ ಇದ್ದಾನೆ, ಅವನನ್ನು ನಾನೇ ಕೈಯಲ್ಲಿ ಹಿಡಿದುಕೊಂಡು ಬರುತ್ತೇನೆ ಎಂದು ಚಿಕ್ಕಪ್ಪ ಬರೆದಿದ್ದ.

ಚಿಕ್ಕಮ್ಮ ಅವರನ್ನು ತಲೆಬಾಗಿಲ ಕಡೆ ಮುಖ ಮಾಡಿ ನಿಲ್ಲಿಸಿದಳು. ಬೀಳದಿರಲಿ ಎಂದು ಬುಡಕ್ಕೆ ಮೇಣದಬತ್ತಿ ಕರಗಿಸಿ ಅಂಟಿಸಿದಳು. ಬೀರುವಿಗೆ ಬೀಗ ಹಾಕಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸುಣ್ಣ ಹೊಡೆಯುವಾಗ ನಾಲ್ಕು ಜನ ಬೀರು ಎತ್ತಿ ಹಿತ್ತಿಲಿಗೆ ಒಯ್ದು ತಂದರೂ ಒಳಗಿದ್ದವರು ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಯಾರೇ ಬಾಗಿಲು ತೆಗೆದು ಒಳಗೆ ಬಂದರೂ ಮೊದಲು ಎದುರಾಗುತ್ತಿದ್ದುದು ಆ ಎಂಟು ನೀಲಿ ಕಣ್ಣು. ನೀವಲ್ಲ, ನಾವು ಕಾಯುತ್ತಿರುವುದು ನಿಮ್ಮನ್ನಲ್ಲ ಎಂದು ಅವು ಅನ್ನುವಂತೆ ನನಗೆ ಕಾಣುತ್ತಿತ್ತು.

ಚಿಕ್ಕಪ್ಪ ಬರಲಿಲ್ಲ, ಹಡಗಿನ ಕಂಪನಿಯ ಕಾಗದ ಬಂತು. ಓದಿ ಹೇಳಿದವಳು ನಾನು. ಎರಡು ಬಂದರುಗಳ ನಡುವೆ ಒಂದು ಬೆಳಿಗ್ಗೆ ಅವನು ಪಾಳಿಗೆ ಬರಲಿಲ್ಲ, ಹಡಗನ್ನೆಲ್ಲ ಹುಡುಕಿದರೂ ಸಿಗಲಿಲ್ಲ, ಕಡಲು ಶಾಂತವಾಗಿತ್ತು ಎಂದು ಬರೆದಿದ್ದರು. ಸತ್ತ ಎಂದು ಎಲ್ಲೂ ಇರಲಿಲ್ಲ. ಕಾಣೆ ಎಂದಿತ್ತು. ಅಜ್ಜಿ ಗೋಡೆಗೆ ಒರಗಿ ಸೆರಗು ಬಾಯಿಗೆ ತುರುಕಿಕೊಂಡಳು. ಅಪ್ಪ ನನ್ನ ಕೈಯಿಂದ ಕಾಗದ ಇಸಿದುಕೊಂಡು, ಓದಲು ಬಾರದಿದ್ದರೂ ಬಹಳ ಹೊತ್ತು ನೋಡಿದರು. ಚಿಕ್ಕಮ್ಮ ಕೇಳಿಸಿಕೊಂಡು ಎದ್ದಳು, ಹಿತ್ತಿಲಿಗೆ ಹೋಗಿ ಎಮ್ಮೆಗೆ ನೀರಿಟ್ಟು ಬಂದಳು. ಹಣೆಯ ಕುಂಕುಮ ಹಾಗೇ ಇತ್ತು. ಅದನ್ನು ಮುಟ್ಟುವ ಧೈರ್ಯ ನಮ್ಮ ಕೇರಿಯ ಯಾವ ಹೆಂಗಸಿಗೂ ಬರಲಿಲ್ಲ.

ಇಲ್ಲಿಂದ ಅತ್ತೆ ಸೊಸೆಗೆ ಬಿತ್ತು. ಜಗಳವಲ್ಲ, ಜಗಳವಾದರೆ ಒಂದು ದಿನ ಮುಗಿಯುತ್ತದೆ. ನಮ್ಮಲ್ಲಿ ಪಿತೃಪಕ್ಷದಲ್ಲಿ ತೀರಿಕೊಂಡವರಿಗೆ ಎಡೆ ಇಡುತ್ತೇವೆ. ಅವರಿಗೆ ಇಷ್ಟವಾದದ್ದನ್ನು ರುಚಿ ನೋಡದೆ ಅಡಿಗೆ ಮಾಡಿ, ದೇವರ ಕೋಣೆಯ ಬಾಗಿಲ ಪಕ್ಕ ಮಣೆ ಹಾಕಿ, ಎಲೆ ಹಾಸಿ, ಬಡಿಸಿ, ತಲೆಬಾಗಿಲು ಮುಚ್ಚಿಕೊಂಡು ಮನೆಮಂದಿಯೆಲ್ಲ ಜಗಲಿಗೆ ಬಂದು ನಿಲ್ಲಬೇಕು. ಉಣ್ಣುವವರು ಸಂಕೋಚವಿಲ್ಲದೆ ಉಂಡು ಹೋಗಲಿ ಎಂದು. ಆ ಹೊತ್ತಿನಲ್ಲಿ ಒಳಗೆ ಬದುಕಿದವರು ಯಾರೂ ಇರಕೂಡದು. ಆಮೇಲೆ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗುವುದು. ಮಗನಿಗೆ ಮಣ್ಣಂತೂ ಸಿಗಲಿಲ್ಲ, ಎಡೆಯಾದರೂ ಸಿಗಲಿ ಎಂದು ಅಜ್ಜಿ. ಬದುಕಿರುವವರಿಗೆ ಎಡೆ ಇಟ್ಟರೆ ಅವರ ಆಯಸ್ಸೇ ಕತ್ತರಿಸುತ್ತದೆ, ಮುಟ್ಟಕೂಡದು ಎಂದು ಚಿಕ್ಕಮ್ಮ. ಇಬ್ಬರೂ ಒಬ್ಬನಿಗಾಗಿಯೇ ಹೆದರುತ್ತಿದ್ದರು. ಮಧ್ಯಾಹ್ನ ಎಲ್ಲರ ಊಟ ಮುಗಿದು ಮನೆ ತಣ್ಣಗಾದಾಗ ಅಡಿಗೆಮನೆಯ ಬಾಗಿಲಲ್ಲಿ ಯಾರೋ ನಿಂತು ಪಾತ್ರೆಗಳ ಕಡೆ ನೋಡುತ್ತಾರೆ ಎಂದು ಅಜ್ಜಿ ಹೇಳತೊಡಗಿದಳು. ಅಮ್ಮ ಅದನ್ನು ಕೇಳಿದ ಮೇಲೆ ಅನ್ನದ ಪಾತ್ರೆಯನ್ನು ಪೂರ್ತಿ ಬರಿದು ಮಾಡುವುದನ್ನು ಬಿಟ್ಟಳು. ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು, ರಾತ್ರಿ ಮಾತ್ರ ನೀರು ಕುಡಿಯಲು ಒಬ್ಬಳೇ ಏಳುತ್ತಿರಲಿಲ್ಲ.

ಹೀಗಿರುವಾಗ ಬೊಂಬಾಯಿಯ ಕಸ್ಟಮ್ಸಿನಿಂದ ಚಿಕ್ಕಮ್ಮನ ಹೆಸರಿಗೆ ಒಂದು ನೋಟೀಸು ಬಂತು. ಪರದೇಶದಿಂದ ನಿಮಗೆ ಪಾರ್ಸಲ್ ಬಂದಿದೆ, ಒಳಗೆ ಪಿಂಗಾಣಿಯ ಒಂದು ಪ್ರತಿಮೆ ಇದೆ, ಅದು ಅಲಂಕಾರದ ವಸ್ತು, ತರಿಸಲು ಲೈಸೆನ್ಸು ಬೇಕು, ಇಲ್ಲವಾದ್ದರಿಂದ ಸುಂಕವೂ ದಂಡವೂ ಬೀಳುತ್ತದೆ, ಕಟ್ಟದಿದ್ದರೆ ಜಪ್ತಿ ಮಾಡಲಾಗುತ್ತದೆ ಎಂದು ಅದರ ಸಾರಾಂಶ. ಕಳಿಸಿದವರು ಎಂಬಲ್ಲಿ ಚಿಕ್ಕಪ್ಪನ ಹೆಸರು. ಕೈಯಲ್ಲಿ ಹಿಡಿದು ತರುತ್ತೇನೆಂದವನು ಅದನ್ನೇಕೆ ಅಂಚೆಗೆ ಹಾಕಿದ? ತಾನು ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತೇ? ಚಿಕ್ಕಮ್ಮ ಮಾತ್ರ ಆ ದಿನ ಮೊದಲ ಬಾರಿಗೆ ನಕ್ಕಳು. ನೋಡಿ, ಕಳಿಸಿದ್ದಾರೆ ಎಂದಳು.

ಅಪ್ಪ ನನ್ನನ್ನೂ ಅವಳನ್ನೂ ಕರೆದುಕೊಂಡು ಬಸ್ಸಿನಲ್ಲಿ ದುರ್ಗಕ್ಕೆ ಹೋದರು. ಬೆಟ್ಟದ ಕೋಟೆಯ ಬುಡದಲ್ಲಿ ಅವರಿಗೆ ಪರಿಚಯದ ವಕೀಲರಿದ್ದರು. ಅವರು ನೋಟೀಸು ಓದಿ, ಕನ್ನಡಕ ತೆಗೆದು, ಎಲ್ಲ ಇರುವುದು ಈ ವಸ್ತುವನ್ನು ಏನೆಂದು ಕರೆಯುತ್ತೀರಿ ಎನ್ನುವುದರಲ್ಲಿ ಎಂದರು. ಅಲಂಕಾರದ ಪ್ರತಿಮೆ ಎಂದು ಒಪ್ಪಿದರೆ ಕೈಬಿಟ್ಟ ಹಾಗೆಯೇ. ಆಟದ ಸಾಮಾನು ಎಂದು ವಾದಿಸಬಹುದು. ಮೊದಲಿನ ನಾಲ್ಕನ್ನೂ ಅವರೇ ಆಟದ ಸಾಮಾನು ಎಂದು ಅಲ್ಪಸ್ವಲ್ಪ ಸುಂಕ ಹಾಕಿ ಬಿಟ್ಟಿದ್ದಾರೆ. ಆದರೆ ಅದು ಗೆಲ್ಲುವುದು ಕಷ್ಟ. ಇವೆರಡೂ ಬಿಟ್ಟು ಸುಲಭದ ದಾರಿ ಇನ್ನೊಂದಿದೆ. ಪರದೇಶದಲ್ಲಿ ತೀರಿಕೊಂಡವರ ಸ್ವಂತ ಸಾಮಾನು ಮನೆಗೆ ಬಂದರೆ ಅದಕ್ಕೆ ಸುಂಕವೂ ಇಲ್ಲ, ಲೈಸೆನ್ಸೂ ಬೇಡ. ಕಂಪನಿಯ ಕಾಗದ ಜೊತೆಗಿಟ್ಟು, ನನ್ನ ಗಂಡ ತೀರಿಕೊಂಡಿದ್ದಾರೆ ಎಂದು ಹೆಂಡತಿಯಾದವಳು ಒಂದು ಸಾಲು ಬರೆದು ರುಜು ಹಾಕಿದರೆ ಸಾಕು.

ವಕೀಲರು ಒಳ್ಳೆಯವರು, ಮೆಲ್ಲಗೇ ಹೇಳಿದರು. ಅಪ್ಪ ಕಿಟಕಿಯಾಚೆ ಬಂಡೆಗಳ ಕಡೆ ನೋಡುತ್ತ ಕುಂತರು. ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು, ಅದು ಆಟದ ಸಾಮಾನು ಎಂದಳು, ಅಷ್ಟೇ. ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಕೈ ಹಿಡಿದುಕೊಂಡಿದ್ದಳು.

ಅಲ್ಲಿಂದ ಸುರುವಾಯಿತು ನನ್ನ ಟೈಪಿಂಗು. ಕಲಿಯಲು ಹೋಗುತ್ತಿದ್ದ ಕಡೆಯೇ ಮೇಷ್ಟ್ರ ಅಪ್ಪಣೆ ಪಡೆದು ಅಹವಾಲುಗಳನ್ನು ಬಡಿದೆ. ಒಂದೇ ಕಾರ್ಖಾನೆಯ, ಒಂದೇ ಸಂಸಾರದ ಗೊಂಬೆಗಳಲ್ಲಿ ನಾಲ್ಕು ಆಟದ ಸಾಮಾನಾಗಿ ಐದನೆಯದು ಮಾತ್ರ ಪ್ರತಿಮೆ ಹೇಗಾಯಿತು ಎಂದು ಕೇಳಿದೆ. ಬಹಳ ದಿನದ ಮೇಲೆ ಉತ್ತರ ಬಂತು: ಪಿಂಗಾಣಿ ಒಡೆಯುವ ವಸ್ತು, ಮಕ್ಕಳು ಆಡಲಾರರು, ನಿಮ್ಮ ಮನೆಯಲ್ಲಿ ಎಷ್ಟು ವಯಸ್ಸಿನ ಮಕ್ಕಳಿದ್ದಾರೆ ತಿಳಿಸಿ. ನಮ್ಮ ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವಳು ನಾನೇ. ಚಿಕ್ಕಮ್ಮನಿಗಂತೂ ಮಕ್ಕಳಾಗಿರಲಿಲ್ಲ. ಯಾರು ಆಡುತ್ತಾರೆ ಅಂತ ಬರೆಯಲಿ ಎಂದು ಅವಳನ್ನು ಕೇಳಿದೆ.

"ನಾನು ಆಡ್ತೀನಿ ಅಂತ ಬರಿ" ಅಂದಳು.

ಹಾಗೆ ಬರೆದರೆ ನಗುತ್ತಾರೆ ಎಂದು ಅಂದೆನಾದರೂ ಹಾಗೇ ಬರೆದೆ. ಯಾಕೆಂದರೆ ಅದು ಸುಳ್ಳಾಗಿರಲಿಲ್ಲ. ನಾನು ಕಣ್ಣಾರೆ ನೋಡಿದ್ದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳು ಬೀರುವಿನ ಮುಂದೆ ನಿಂತು, ಗಾಜಿನ ಹತ್ತಿರ ಬಾಯಿ ತಂದು ಆ ಮುದುಕಿಯನ್ನು ಕೇಳುತ್ತಿದ್ದಳು: "ಕಂಡ್ರಾ? ಎಲ್ಲಿಗೆ ಬಂದವ್ರೆ?" ಆಮೇಲೆ ಉತ್ತರ ಬರುವಷ್ಟು ಹೊತ್ತು ಸುಮ್ಮನಿರುತ್ತಿದ್ದಳು. ಮತ್ತೆ ತಲೆಯಾಡಿಸಿ ಅಡಿಗೆಮನೆಗೆ ಹೋಗುತ್ತಿದ್ದಳು. ಅವಳಿಗೆ ಏನು ಉತ್ತರ ಸಿಗುತ್ತಿತ್ತೋ ಕೇಳಲು ನನಗೆ ಬಾಯಿ ಬರಲಿಲ್ಲ. ಒಂದೊಂದು ದಿನ ಅವಳ ಮುಖ ಸಂತೋಷದಿಂದ ಇರುತ್ತಿತ್ತು. ಆ ದಿನಗಳೇ ನನಗೆ ಹೆಚ್ಚು ಭಯ.

ಕಸ್ಟಮ್ಸಿನವರು ನಕ್ಕರೋ ಇಲ್ಲವೋ ತಿಳಿಯದು. ಅವರ ಮುಂದಿನ ಕಾಗದ ಮಾತ್ರ ನಮ್ಮ ಕುತ್ತಿಗೆಗೇ ಬಂತು. ಮೊದಲಿನ ನಾಲ್ಕನ್ನು ಆಟದ ಸಾಮಾನೆಂದು ಬಿಟ್ಟದ್ದೇ ತಪ್ಪಾಗಿರಬಹುದು, ಅವು ಮನೆಯಲ್ಲಿ ಯಾವ ಉಪಯೋಗಕ್ಕೆ ಇವೆ ಎಂದು ದುರ್ಗದ ಕಚೇರಿಯ ಇನ್ಸ್‌ಪೆಕ್ಟರು ಬಂದು ನೋಡಿ ವರದಿ ಕೊಡುತ್ತಾರೆ, ಅದರ ಮೇಲೆ ಐದಕ್ಕೂ ಒಂದೇ ತೀರ್ಮಾನ ಎಂದು ಬರೆದಿದ್ದರು. ಬೀರುವಿನಲ್ಲಿದ್ದವರನ್ನೂ ಒಯ್ದುಬಿಡುತ್ತಾರೆ ಎಂದು ಚಿಕ್ಕಮ್ಮನಿಗೆ ದಿಗಿಲು ಹತ್ತಿತು. ರಾಮಗಿರಿ ಬೆಟ್ಟಕ್ಕೆ ಹರಕೆ ಹೊತ್ತಳು. ನನಗೆ ನಿಜ ಹೇಳಬೇಕೆಂದರೆ ಒಯ್ದರೆ ಒಯ್ಯಲಿ ಅನ್ನಿಸಿತ್ತು. ಆ ಕಣ್ಣುಗಳ ಕೆಳಗೆ ಊಟ ಮಾಡಿ ಸಾಕಾಗಿತ್ತು.

ಇನ್ಸ್‌ಪೆಕ್ಟರು ಯಾವ ದಿನ ಬರುತ್ತಾರೆಂದು ಯಾರೂ ತಿಳಿಸಲಿಲ್ಲ. ಅಷ್ಟರಲ್ಲಿ ಪಿತೃಪಕ್ಷ ಬಂತು. ಹಿಂದಿನ ವರ್ಷ ಅಜ್ಜಿ ಸೊಸೆಗೆ ಹೆದರಿ ತಾತನ ಎಡೆಯನ್ನಷ್ಟೇ ಇಟ್ಟು ಸುಮ್ಮನಾಗಿದ್ದಳು. ಈ ಸಲ ಅವಳು ಒಂದು ಉಪಾಯ ಹೂಡಿದಳು. ಅದು ನಮ್ಮ ಅಜ್ಜಿಗಲ್ಲದೆ ಲೋಕದಲ್ಲಿ ಇನ್ಯಾರಿಗೂ ಹೊಳೆಯಲಾರದು. ತಾತನ ಎಲೆಯ ಪಕ್ಕ ಇನ್ನೊಂದು ಎಲೆ ಹಾಸಿ, ಇನ್ನೊಂದು ಮಣೆ ಹಾಕಿದಳು. ಚಿಕ್ಕಮ್ಮ ನೋಡಿ ಬಾಯಿ ತೆರೆಯುವ ಮೊದಲೇ ಬೀರುವಿನ ಕಡೆ ಕೈ ತೋರಿಸಿದಳು.

"ನಿನ್ನ ಗಂಡಗಲ್ಲವ್ವ ಇದು. ಇವ್ರಿಗೆ. ಆ ಕಡೆ ಊರಿನೋರು ಇವ್ರು, ಉಣ್ಣದೆ ಎಷ್ಟು ದಿನ ನಿಂತಾರು? ಇವ್ರು ಉಂಡು, ಮಿಕ್ಕಿದ್ದು ಅಲ್ಲಿ ಯಾರಿಗೆ ಕೊಡ್ತಾರೋ ಅವ್ರಿಷ್ಟ."

ಬದುಕಿದವನಿಗೆ ಎಡೆ ಇಡಬಾರದು, ಸರಿ. ಪಿಂಗಾಣಿಯವರು ಬದುಕಿದ್ದಾರೋ ಸತ್ತಿದ್ದಾರೋ? ನಮ್ಮ ಶಾಸ್ತ್ರದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ, ಬೊಂಬಾಯಿಯವರ ಸುಂಕದ ಪುಸ್ತಕದಲ್ಲಿ ಅವರಿಗೆ ಸರಿಯಾದ ಜಾಗ ಸಿಗದ ಹಾಗೆಯೇ. ಚಿಕ್ಕಮ್ಮ ತಡೆಯಲಿಲ್ಲ. ಅಮ್ಮ ಬಡಿಸಿದಳು. ಎಲ್ಲರೂ ಹೊರಗೆ ಬಂದೆವು, ಅಪ್ಪ ತಲೆಬಾಗಿಲು ಎಳೆದುಕೊಂಡರು.

ಜಗಲಿಗೆ ಕಾಲಿಟ್ಟರೆ ಅಲ್ಲಿ ಇನ್ಸ್‌ಪೆಕ್ಟರು ನಿಂತಿದ್ದರು. ಬಸ್ಸಿಳಿದು, ವಿಳಾಸ ಕೇಳಿಕೊಂಡು ಆಗಷ್ಟೇ ಬಂದವರು. ನಡುವಯಸ್ಸು, ಕಂಕುಳಲ್ಲಿ ಚರ್ಮದ ಚೀಲ, ಬಿಸಿಲಿಗೆ ಕೆಂಪಾದ ಮುಖ. ಗುರುತು ಹೇಳಿ, ಗೊಂಬೆಗಳನ್ನು ನೋಡಬೇಕು ಎಂದರು. ಅಪ್ಪ ಕೈ ಮುಗಿದು, "ಒಳಗೆ ಎಡೆ ಐತೆ, ಸ್ವಲ್ಪ ಕುಂತ್ಕಳ್ರಿ" ಎಂದರು. ಅವರು ಮತ್ತೇನೂ ಕೇಳದೆ ಬೂಟು ಬಿಚ್ಚಿ ಗೋಡೆಯ ಬದಿಗಿಟ್ಟು, ಕೂರದೆ ನಮ್ಮ ಜೊತೆಯೇ ನಿಂತರು. ಅವರ ಮನೆಯಲ್ಲೂ ಅದೇ ಪದ್ಧತಿ ಇರಬೇಕು.

ಕೇರಿ ನಿಶ್ಶಬ್ದವಾಗಿತ್ತು. ಹಬ್ಬದ ಮಧ್ಯಾಹ್ನದ ಬಿಸಿಲು. ಅಪ್ಪ, ಅಮ್ಮ, ಅಜ್ಜಿ, ಚಿಕ್ಕಮ್ಮ, ನಾನು, ಆ ಅಪರಿಚಿತರು. ಮನೆಯೊಳಗೆ ಇನ್ನು ಯಾರೂ ಇರಲಿಲ್ಲ, ಹಿತ್ತಿಲ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿದ್ದವಳು ನಾನೇ. ಆಗ ಒಳಗೆ ಮಣೆ ಎಳೆದ ಸದ್ದಾಯಿತು. ಊಟಕ್ಕೆ ಕೂರುವವರು ಮಣೆಯನ್ನು ಎಲೆಯ ಹತ್ತಿರ ಎಳೆದುಕೊಳ್ಳುತ್ತಾರಲ್ಲ, ಆ ಸದ್ದು. ನೆಲಕ್ಕೆ ಮರ ಉಜ್ಜಿದ, ಆಮೇಲೆ ಭಾರ ಕೂತ ಸದ್ದು. ಅಮ್ಮ ನನ್ನ ತೋಳು ಹಿಡಿದಳು. ಅಜ್ಜಿ ಕಣ್ಣು ಮುಚ್ಚಿದ್ದಳು, ಆದರೆ ಅವಳ ಮುಖ ಎಷ್ಟೋ ದಿನದಿಂದ ಹೊತ್ತ ಹೊರೆ ಇಳಿಸಿದವರ ಮುಖದಂತೆ ಸಡಿಲವಾಯಿತು. ಇನ್ಸ್‌ಪೆಕ್ಟರು ಅಪ್ಪನ ಕಡೆ ನೋಡಿದರು. ಅಪ್ಪ ನೆಲ ನೋಡಿದರು. ಕೇಳಿಸಿತಾ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಇಷ್ಟು ವರ್ಷವಾದರೂ ಕೇಳಿಲ್ಲ.

ಅಪ್ಪ ಕೆಮ್ಮಿದರು. ಬಾಗಿಲು ತಟ್ಟಿದರು. ಕೈ ಬಾಗಿಲ ಮೇಲೆ ಇಟ್ಟವರು ತೆಗೆಯಲಾರದೆ ನಿಂತುಬಿಟ್ಟರು. ಚಿಕ್ಕಮ್ಮ ಅವರನ್ನು ಬದಿಗೆ ಸರಿಸಿ ತಾನೇ ಬಾಗಿಲು ನೂಕಿದಳು.

ಎಡೆಯ ಎಲೆಗಳು ಬಡಿಸಿದ್ದು ಬಡಿಸಿದ ಹಾಗೇ ಇದ್ದವು. ಮಣೆ ಇಟ್ಟಲ್ಲೇ ಇತ್ತೋ ಸರಿದಿತ್ತೋ ನಾನು ನೋಡಲಿಲ್ಲ, ಯಾಕೆಂದರೆ ಬಾಗಿಲು ತೆರೆದ ಕೂಡಲೇ ಎದುರಾಗಬೇಕಿದ್ದ ಕಣ್ಣುಗಳು ಎದುರಾಗಲಿಲ್ಲ. ಬೀರುವಿನಲ್ಲಿ ಮುದುಕ, ಮುದುಕಿ, ಹೆಂಗಸು, ನಾಯಿ, ಎಲ್ಲರೂ ಬಾಗಿಲಿಗೆ ಪಕ್ಕೆ ತಿರುಗಿಸಿ, ಎಡಕ್ಕೆ, ದೇವರ ಕೋಣೆಯ ಪಕ್ಕದ ಎಲೆಯ ಕಡೆ ಮುಖ ಮಾಡಿ ನಿಂತಿದ್ದರು. ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ಬುಡದ ಮೇಣ ಬಿರುಕು ಬಿಟ್ಟಿರಲಿಲ್ಲ. ಚಿಕ್ಕಮ್ಮನ ಕೈ ತನ್ನಷ್ಟಕ್ಕೆ ಸೊಂಟಕ್ಕೆ ಹೋಯಿತು. ಬೀಗದ ಕೈ ಅಲ್ಲೇ ಇತ್ತು.

ಅವಳು ಬೀರುವಿನ ಮುಂದೆ ಹೋಗಿ ನಿಂತಳು. ಯಾವಾಗಲೂ ಕೇಳುವ ಹಾಗೆ ಏನಾದರೂ ಕೇಳುತ್ತಾಳೆ ಎಂದುಕೊಂಡೆ. ಕೇಳಲಿಲ್ಲ. ಆ ಮುದುಕಿಯ ಕಣ್ಣು ಎಲ್ಲಿ ನೆಟ್ಟಿದೆಯೋ ಅಲ್ಲಿಗೆ, ಬರಿದಾದ ಮಣೆಯ ಕಡೆಗೆ, ತಾನೂ ತಿರುಗಿ ನೋಡಿದಳು. ಇನ್ಸ್‌ಪೆಕ್ಟರು ಹೊಸ್ತಿಲ ಮೇಲೇ ನಿಂತು ಚೀಲದಿಂದ ಕಾಗದ ತೆಗೆದಿದ್ದರು, ಪೆನ್ನು ಹಿಡಿದ ಕೈ ಗಾಳಿಯಲ್ಲೇ ಇತ್ತು. ಅವರಿಗೆ ಮೊದಲಿನ ದಿಕ್ಕು ಗೊತ್ತಿರಲಿಲ್ಲ. ಆದರೆ ನಮ್ಮ ಮುಖಗಳನ್ನು ನೋಡಿದ್ದರು. ಕೊನೆಗೆ ಬಹಳ ಮರ್ಯಾದೆಯಿಂದ, ಇವನ್ನು ಏನಂತ ಬರೆದುಕೊಳ್ಳಲಮ್ಮ ಎಂದು ಚಿಕ್ಕಮ್ಮನನ್ನೇ ಕೇಳಿದರು. ಅವಳು ಆಟದ ಸಾಮಾನು ಎಂದಿದ್ದರೆ ಆ ಮನುಷ್ಯ ಹಾಗೇ ಬರೆಯುತ್ತಿದ್ದರು, ಅದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ.

"ಇವ್ರೇ ಬಾಗ್ಲು ನೋಡೋದು ಬಿಟ್ಟವ್ರೆ. ಇನ್ನು ನಾನೊಬ್ಳೇ ನೋಡಿ ಏನ್ ಮಾಡ್ಲಿ? ಬರ್ಕಳ್ರಿ, ತೀರ್ಕಂಡೋರ ಸಾಮಾನು ಅಂತ."

ಅಜ್ಜಿ ಅಲ್ಲೇ ಕುಸಿದು ಕುಂತು ಗೊಳೋ ಎಂದಳು. ತಾನು ಬಯಸಿದ್ದೇ ಆದಾಗ ಮನುಷ್ಯರು ಅಷ್ಟು ಅಳುವುದನ್ನು ನಾನು ಮತ್ತೆಲ್ಲೂ ನೋಡಿಲ್ಲ. ಚಿಕ್ಕಮ್ಮ ಅಳಲಿಲ್ಲ. ಇನ್ಸ್‌ಪೆಕ್ಟರು ಬರೆದುಕೊಂಡರು, ಎಡೆಯ ಊಟ ಮಾಡಿ ಹೋಗಿ ಎಂದರೆ ಒಲ್ಲೆ ಅನ್ನಲಿಲ್ಲ, ಒಂದು ತುತ್ತು ಬಾಯಿಗಿಟ್ಟು ಎದ್ದರು.

ವಾರದೊಳಗೆ ನಾನು ಆ ಸಾಲನ್ನು ಟೈಪು ಮಾಡಿದೆ. ಎಷ್ಟೋ ಅಹವಾಲು ಬಡಿದ ಬೆರಳು ಆ ಒಂದು ಸಾಲಿಗೆ ತಡವರಿಸಿ ಎರಡು ಹಾಳೆ ಕೆಡಿಸಿತು. ಚಿಕ್ಕಮ್ಮ ಕನ್ನಡದಲ್ಲಿ ದುಂಡಗೆ ರುಜು ಹಾಕಿದಳು. ಕುಂಕುಮದ ವಿಷಯ ಅಮ್ಮ ಎತ್ತಿದಾಗ, ಪಾರ್ಸಲ್ ಬರಲಿ ಅಕ್ಕ, ಅವರು ಮನೆಗೆ ಬರಲಿ, ಆಮೇಲೆ ಎಂದಳು.

ಪಾರ್ಸಲ್ ಚಳಿಗಾಲ ಕಳೆದ ಮೇಲೆ ಬಂತು. ಸುಂಕ ಇಲ್ಲ ಎಂದು ಮೇಲೆ ಸೀಲು. ಬೀರುವಿನಲ್ಲಿದ್ದ ನಾಲ್ವರ ಮಾತನ್ನು ಕಸ್ಟಮ್ಸಿನವರು ಮತ್ತೆ ಎತ್ತಲಿಲ್ಲ. ಅಪ್ಪ ಹಗ್ಗ ಕೊಯ್ದರು. ಒಳಗಿನ ಒಣಹುಲ್ಲು ಒಣಗಿರಲಿಲ್ಲ. ಬೊಂಬಾಯಿಯ ಗೋದಾಮಿನಲ್ಲಿ ವರ್ಷದ ಮೇಲೆ ಬಿದ್ದಿದ್ದ ಪೆಟ್ಟಿಗೆ, ನಮ್ಮೂರಿನ ಒಣಹವೆ, ಆದರೂ ಹುಲ್ಲು ಆಗಷ್ಟೇ ನೀರಿನಿಂದ ಎತ್ತಿದ ಹಾಗೆ ಕೈಗೆ ಅಂಟುತ್ತಿತ್ತು. ಅದರ ನಡುವೆ ಅವನಿದ್ದ: ಮೊಣಕಾಲುದ್ದದ ಬೂಟು, ಹೆಗಲ ಮೇಲೆ ಚೀಲ, ಹೊರಟು ನಿಂತ ಕಾಲು. ಮುಖವನ್ನು ಮಾತ್ರ ಹಿಂದಕ್ಕೆ ಹೊರಳಿಸಿದ್ದ. ಉಳಿದ ನಾಲ್ವರು ಅವನನ್ನು ನೋಡಲಿ ಎಂದು, ಅವನು ಅವರನ್ನು ನೋಡಲಿ ಎಂದು ಮಾಡಿದ ಗೊಂಬೆ. ಮುಖ ಚಿಕ್ಕಪ್ಪನದಾಗಿರಲಿಲ್ಲ. ಅಷ್ಟಕ್ಕೇ ನನಗೆ ಎದೆ ಹಗುರಾಯಿತು. ಅಜ್ಜಿ ಮಾತ್ರ ಅದನ್ನು ತೊಡೆಯ ಮೇಲಿಟ್ಟುಕೊಂಡು ಬೆನ್ನು ಸವರುತ್ತ ಕುಂತಳು.

ಮಾರನೆಯ ದಿನ ಎಡೆ. ಪಕ್ಷವಲ್ಲ, ಅಮಾವಾಸ್ಯೆಯಲ್ಲ, ಆದರೂ ಮೊದಲ ಎಡೆಗೆ ಮುಹೂರ್ತವೇನು ಎಂದಳು ಅಜ್ಜಿ. ಅಮ್ಮ ಬೆಳಿಗ್ಗೆಯಿಂದ ಅವನಿಗೆ ಇಷ್ಟವಾದ ಹೋಳಿಗೆ, ಅದರ ಸಾರು, ಹೀರೇಕಾಯಿ ಪಲ್ಯ ಎಲ್ಲ ಮಾಡಿದಳು, ರುಚಿ ನೋಡಲಿಲ್ಲ. ಮಣೆಯ ಮುಂದೆ ಎಲೆ ಹಾಸಿ, ಎಲೆಯ ಆಚೆ ಆ ಗೊಂಬೆಯನ್ನು ನಿಲ್ಲಿಸಿ ಬಡಿಸಿದೆವು. ಎಲ್ಲರೂ ಹೊರಗೆ ಬಂದು ಅಪ್ಪ ಬಾಗಿಲು ಎಳೆದುಕೊಂಡ ಮೇಲೆ ತಿಳಿಯಿತು, ಚಿಕ್ಕಮ್ಮ ನಮ್ಮ ಜೊತೆ ಬಂದಿರಲಿಲ್ಲ.

ಅಮ್ಮ ಬಾಗಿಲು ತೆಗೆಯಲು ಹೋದಳು. ಅಜ್ಜಿ ಅವಳ ಕೈ ಹಿಡಿದು ತಡೆದಳು. ಮುಚ್ಚಿದ ಬಾಗಿಲನ್ನು ನಡುವೆ ತೆಗೆದರೆ ಒಳಗಿರುವ ಇಬ್ಬರಲ್ಲಿ ಯಾರು ಹೊರಗೆ ಬರುತ್ತಾರೋ ಎಂದಳು. ನಾನು ಕಿವಿಗೊಟ್ಟು ನಿಂತೆ. ಒಳಗೆ ಬಳೆಯ ಸದ್ದಿಲ್ಲ, ಅಳುವಿಲ್ಲ. ಒಂದು ಹೊತ್ತಿನಲ್ಲಿ ಮಾತ್ರ ಅವಳು ಮೆಲ್ಲಗೆ ಏನೋ ಅಂದಳು, ಸುಮ್ಮನಾದಳು, ಮತ್ತೆ ಹ್ಞೂಂ ಎಂದಳು. ನಡುವೆ ಇನ್ನೊಬ್ಬರ ಮಾತಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಇತ್ತು. ಅಪ್ಪನಿಗೆ ತಡೆಯಲಾಗಲಿಲ್ಲ. ಕೆಮ್ಮಿ, ತಟ್ಟಿ, ಬಾಗಿಲು ತೆಗೆದರು.

ಅವಳು ಎಲೆಯ ಈ ಬದಿಗೆ, ಬಡಿಸುವವರು ಕೂರುವ ಜಾಗದಲ್ಲಿ, ಕೈ ಮಡಿಲಲ್ಲಿಟ್ಟು ಕೂತಿದ್ದಳು. ಎಲೆಯ ಮೇಲಿನ ಅನ್ನದ ಗುಡ್ಡೆ ಕದಡಿರಲಿಲ್ಲ, ಹೋಳಿಗೆ ಮುರಿದಿರಲಿಲ್ಲ, ಸಾರಿನ ಬಟ್ಟಲ ಮೇಲೆ ಕೆನೆಗಟ್ಟಿದ್ದು ಹಾಗೇ ಇತ್ತು. ಯಾರೂ ಏನೂ ಮುಟ್ಟಿರಲಿಲ್ಲ. ಅವಳು ಅಮ್ಮನ ಕಡೆ ತಿರುಗಿ, ದಿನನಿತ್ಯದ ಮಾತಿನಂತೆ ಹೇಳಿದಳು.

"ಸಾರಿಗೆ ಉಪ್ಪೇ ಬಿದ್ದಿಲ್ವಂತೆ ಅಕ್ಕ."

ಅಮ್ಮ ಅಡಿಗೆಮನೆಗೆ ಹೋದಳು. ಸಾರಿನ ಪಾತ್ರೆಗೆ ಬೆರಳದ್ದಿ ನಾಲಗೆಗೆ ಇಟ್ಟುಕೊಂಡಳು. ಆಮೇಲೆ ನನ್ನನ್ನು ಕರೆದು ನನ್ನ ನಾಲಗೆಗೂ ಇಟ್ಟಳು. ಬೆಳಿಗ್ಗೆಯ ಗಡಿಬಿಡಿಯಲ್ಲಿ ಉಪ್ಪು ಹಾಕುವುದನ್ನೇ ಮರೆತಿದ್ದಳು. ಸಾರು ಸಪ್ಪೆ, ನೀರಿನಷ್ಟು ಸಪ್ಪೆ. ಅಮ್ಮ ಒಲೆಯ ಮುಂದೆ ಕುಂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಅವಳ ಪಕ್ಕ ಕುಂತೆ. ನನಗೂ ಅಳು ಬಂತು. ಚಿಕ್ಕಪ್ಪ ಸತ್ತ ಎಂದು ನಾನು ನಂಬಿದ್ದು ಅವತ್ತು, ಆ ಸಪ್ಪೆ ಸಾರಿನ ರುಚಿಯಲ್ಲಿ.

ಚಿಕ್ಕಮ್ಮ ಎದ್ದು ಬಂದು ಉಪ್ಪಿನ ಭರಣಿಗೆ ಕೈ ಹಾಕಿದಳು. ಹೋಗಿ ಎಲೆಯ ಮೂಲೆಗೆ ಯಾವಾಗಲೂ ಬಡಿಸುವಂತೆ ಒಂದು ಚಿಟಿಕೆ ಹೆಚ್ಚೇ ಬಡಿಸಿದಳು. ಬಳೆಗಳನ್ನು ಒಂದೊಂದಾಗಿ, ಒಡೆಯದೆ, ಕೈಯಿಂದ ತೆಗೆದು ಗೊಂಬೆಯ ಬೂಟಿನ ಹತ್ತಿರ ಇಟ್ಟಳು. ಇನ್ನೊಂದು ಸಲ ಬಾಗಿಲು ಹಾಕಿಕೊಳ್ಳಿ, ಈಗ ಉಣ್ಣಲಿ ಎಂದಳು. ಅಪ್ಪ ಮತ್ತೆ ಬಾಗಿಲು ಎಳೆದುಕೊಂಡರು. ಎಲ್ಲರೂ ಮತ್ತೆ ಜಗಲಿಗೆ ಬಂದೆವು. ಈ ಸಲ ಅವಳೂ ನಮ್ಮ ಜೊತೆ ಹೊರಗೆ ಬಂದು ನಿಂತಳು.